ಹೆಸರಿನಿಂದ ವಿಳಾಸಕ್ಕೆ: ಯೂನಿಕ್ಸ್ ಕಂಪ್ಯೂಟರಿನಲ್ಲಿ ಡೊಮೈನ್ ಹೆಸರಿನ ಹುಡುಕಾಟ

(ಸಂಘದ ಆಶ್ರಯದಲ್ಲಿ ನಡೆದ ವಿದ್ಯಾರ್ಥಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನನಗೆ ಕೊಟ್ಟಿರುವ ವಿಷಯ ನೋಡಲು ತೀರಾ ಸಣ್ಣದು. ಯೂನಿಕ್ಸ್ ಅಥವಾ ಲಿನಕ್ಸ್ ಇರುವ ಕಂಪ್ಯೂಟರಿಗೆ ನಾವು ಒಂದು ವೆಬ್‌ಸೈಟಿನ ಹೆಸರು ಹೇಳಿದಾಗ ಅದು ಆ ಹೆಸರಿನ ವಿಳಾಸವನ್ನು ಹೇಗೆ ಪತ್ತೆ ಮಾಡುತ್ತದೆ, ಆ ಏರ್ಪಾಡನ್ನು ನಾವು ಹೇಗೆ ಹೊಂದಿಸಬೇಕು ಎಂಬುದಷ್ಟೇ. ಎಲ್ಲ ಸೇರಿ ಮೂರು ಚಿಕ್ಕ ಫೈಲುಗಳ ವಿಷಯ. ಒಂದೊಂದರಲ್ಲಿ ಹತ್ತು ಸಾಲು ಇದ್ದರೆ ಹೆಚ್ಚು. ಆದರೆ ಆ ಹತ್ತು ಸಾಲು ಓದಲು ಬಾರದ ಕಾರಣಕ್ಕೆ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ "ನೆಟ್ ಇಲ್ಲ" ಅನ್ನಿಸಿಕೊಂಡು ಲ್ಯಾಬಿನ ಬಾಗಿಲಿನಿಂದ ಹಿಂತಿರುಗಿದ ಮಕ್ಕಳಿದ್ದಾರೆ. ಅಂಥ ಎಷ್ಟೋ ಸಂದರ್ಭಗಳಲ್ಲಿ ನೆಟ್ ಇದ್ದೇ ಇರುತ್ತದೆ. ಹೆಸರು ಹುಡುಕುವ ಏರ್ಪಾಡು ಮಾತ್ರ ಕೆಟ್ಟಿರುತ್ತದೆ. ಈ ಎರಡರ ವ್ಯತ್ಯಾಸ ನಿಮಗೆ ಗೊತ್ತಿದ್ದರೆ ಐದು ನಿಮಿಷದ ಕೆಲಸ, ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಬರುವವರೆಗೆ ಎರಡು ದಿನ.

ಮೊದಲು ಒಂದು ಸೂಚನೆ. ಇಲ್ಲಿ ಫೈಲುಗಳ ಹೆಸರುಗಳನ್ನೂ ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಇಂಟರ್‌ನೆಟ್‌ನಲ್ಲಿ ಒಂದು ಕಂಪ್ಯೂಟರ್ ಇನ್ನೊಂದನ್ನು ಗುರುತಿಸುವುದು ಅಂಕಿಗಳಿಂದ. 192.168.1.20 ಎಂಬಂತಹ ಅಂಕಿ. ಮನುಷ್ಯರಿಗೆ ಅಂಕಿ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಆದ್ದರಿಂದ ಹೆಸರನ್ನು ಅಂಕಿಗೆ ತಿರುಗಿಸುವ ಒಂದು ವ್ಯವಸ್ಥೆ ಬೇಕಾಯಿತು. ಇಂಟರ್‌ನೆಟ್‌ನ ಪೂರ್ವಜನಾದ ಅರ್ಪಾನೆಟ್ ಎಂಬ ಜಾಲದಲ್ಲಿ ಈ ಕೆಲಸಕ್ಕೆ ಒಂದೇ ಒಂದು ಪಟ್ಟಿ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಮುಂದಾಳುತನದಲ್ಲಿದ್ದ ಮಾಹಿತಿ ಕೇಂದ್ರವು ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಜಾಲಕ್ಕೆ ಸೇರಿದರೆ ಅವರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸುತ್ತಾರೆ. ಉಳಿದವರೆಲ್ಲ ಆ ಪಟ್ಟಿಯನ್ನು ತಮ್ಮ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುತ್ತಾರೆ. ಕಂಪ್ಯೂಟರುಗಳು ಕೆಲವು ನೂರು ಇದ್ದಾಗ ಇದು ನಡೆಯಿತು. ಸಂಖ್ಯೆ ಬೆಳೆದಂತೆ ಪಟ್ಟಿ ನಕಲಾಗುವಷ್ಟರಲ್ಲಿ ಹಳತಾಗತೊಡಗಿತು. ಇಬ್ಬರು ಒಂದೇ ಹೆಸರು ಇಟ್ಟುಕೊಂಡು ಜಗಳವಾಡುವ ಸ್ಥಿತಿಯೂ ಬಂತು. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಎಂಬವರು ಪಟ್ಟಿಯನ್ನು ಒಡೆದು ಹಂಚುವ ವ್ಯವಸ್ಥೆಯನ್ನು ಬರೆದುಕೊಟ್ಟರು. ಅದೇ ಡೊಮೈನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿಎನ್‌ಎಸ್. ಮರುವರ್ಷವೇ ಬರ್ಕ್ಲಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು, ನಿಮ್ಮಂತೆಯೇ ವಿದ್ಯಾರ್ಥಿಗಳು, ಯೂನಿಕ್ಸ್‌ಗೆ ಬೈಂಡ್ ಎಂಬ ಹೆಸರಿನ ಸರ್ವರ್ ತಂತ್ರಾಂಶ ಬರೆದರು. ಅದರ ವಂಶ ಇಂದಿಗೂ ಕೆಲಸ ಮಾಡುತ್ತಿದೆ.

ಈ ವ್ಯವಸ್ಥೆಯಲ್ಲಿ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ಉರ್ದು ಓದಿ ಅಭ್ಯಾಸವಿರುವವರಿಗೆ ಇದೇನೂ ಕಷ್ಟವಲ್ಲ. ಒಂದು ಕಾಲೇಜಿನ ಹೆಸರು 'ಎಸಿ.ಇನ್' ಎಂದು ಮುಗಿಯುತ್ತದೆ ಎನ್ನೋಣ. ಮೊದಲು 'ಇನ್' ಯಾರ ವಶದಲ್ಲಿದೆ ಎಂದು ಕೇಳಬೇಕು. ಇದನ್ನು ಹೇಳುವವರು ಬೇರು ಸರ್ವರುಗಳು. ಎ ಯಿಂದ ಎಂ ವರೆಗೆ 13 ಹೆಸರಿನವು. ಪ್ರತಿ ಹೆಸರಿನ ಹಿಂದೆ ಲೋಕದ ನಾನಾ ಕಡೆ ಹರಡಿದ ಅನೇಕ ಯಂತ್ರಗಳಿವೆ. ಅವರು 'ಇನ್' ನವರ ವಿಳಾಸ ಕೊಡುತ್ತಾರೆ, ಅವರು ಮುಂದಿನವರ ವಿಳಾಸ ಕೊಡುತ್ತಾರೆ, ಕಡೆಗೆ ಕಾಲೇಜಿನ ಸರ್ವರ್ ತನ್ನ ಅಂಕಿ ಹೇಳುತ್ತದೆ. ಗೊತ್ತಿಲ್ಲದ ಊರಿನಲ್ಲಿ ಮನೆ ಹುಡುಕುವಾಗ ಬಸ್‌ಸ್ಟ್ಯಾಂಡಿನಲ್ಲಿ ಮೊಹಲ್ಲಾ ಕೇಳಿ, ಮೊಹಲ್ಲಾದಲ್ಲಿ ಬೀದಿ ಕೇಳಿ, ಬೀದಿಯಲ್ಲಿ ಮನೆ ಕೇಳುತ್ತೇವಲ್ಲ, ಹಾಗೆ. ಈ ಓಡಾಟವನ್ನು ನಿಮ್ಮ ಕಂಪ್ಯೂಟರ್ ತಾನೇ ಮಾಡುವುದಿಲ್ಲ. ಅದಕ್ಕಾಗಿ ಇರುವ ಒಂದು ಸರ್ವರಿಗೆ "ನೀನು ಹುಡುಕಿಕೊಡು" ಎಂದು ಒಪ್ಪಿಸಿಬಿಡುತ್ತದೆ. ಆ ಸರ್ವರ್ ಯಾವುದು, ಅದನ್ನು ಕೇಳುವ ಮೊದಲು ಎಲ್ಲಿ ನೋಡಬೇಕು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು. ನಾವು ಹೊಂದಿಸಬೇಕಾದದ್ದು ಇದನ್ನೇ.

ಯೂನಿಕ್ಸ್‌ನಲ್ಲಿ ಇಂಥ ಹೊಂದಾಣಿಕೆಯ ಫೈಲುಗಳೆಲ್ಲ ಇ, ಟಿ, ಸಿ ಎಂಬ ಮೂರಕ್ಷರದ ಡೈರೆಕ್ಟರಿಯಲ್ಲಿರುತ್ತವೆ. ಬಳಸುವವರು ಅದನ್ನು 'ಎಟ್ಸಿ' ಎನ್ನುತ್ತಾರೆ. ಅಲ್ಲಿರುವ ಮೊದಲನೆಯ ಫೈಲು 'ಹೋಸ್ಟ್ಸ್'. ಆ ಹಳೆಯ ಅರ್ಪಾನೆಟ್ ಪಟ್ಟಿಯ ಮೊಮ್ಮಗ ಇದು. ಎಡಕ್ಕೆ ಅಂಕಿ, ಬಲಕ್ಕೆ ಹೆಸರು, ಅಷ್ಟೇ:

127.0.0.1 ಲೋಕಲ್‌ಹೋಸ್ಟ್
192.168.1.20 ಲೈಬ್ರರಿ

ಮೊದಲ ಸಾಲು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅದನ್ನು ಅಳಿಸಬೇಡಿ, ಹಲವು ಪ್ರೋಗ್ರಾಮುಗಳು ಅದನ್ನು ನಂಬಿಕೊಂಡಿವೆ. ಎರಡನೆಯದು ನಾವು ಸೇರಿಸಿದ್ದು. ಗ್ರಂಥಾಲಯದ ಪುಸ್ತಕಪಟ್ಟಿ ಇರುವ ಯಂತ್ರವನ್ನು ಇನ್ನು ಮುಂದೆ ಅಂಕಿ ಹೇಳದೆ 'ಲೈಬ್ರರಿ' ಎಂದು ಕರೆದರೆ ಸಾಕು. ಸೇವ್ ಮಾಡಿದ ಕ್ಷಣದಿಂದಲೇ ಇದು ಜಾರಿಗೆ ಬರುತ್ತದೆ, ಕಂಪ್ಯೂಟರನ್ನು ಮತ್ತೆ ಆರಂಭಿಸಬೇಕಾಗಿಲ್ಲ. ತೊಂದರೆ ಏನೆಂದರೆ, ಈ ಸಾಲು ಈ ಒಂದು ಕಂಪ್ಯೂಟರಿಗೆ ಮಾತ್ರ ಗೊತ್ತು. ಮೂವತ್ತು ಕಂಪ್ಯೂಟರ್ ಇದ್ದರೆ ಮೂವತ್ತು ಕಡೆ ಬರೆಯಬೇಕು. ಅದಕ್ಕೂ ಒಂದು ಉಪಾಯವಿದೆ, ಆಮೇಲೆ ಹೇಳುತ್ತೇನೆ.

ಎರಡನೆಯ ಫೈಲು 'ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್'. ಸನ್ ಕಂಪನಿಯ ಸೋಲಾರಿಸ್ ಯೂನಿಕ್ಸ್‌ನಿಂದ ಬಂದ ಏರ್ಪಾಡು ಇದು. ಲಿನಕ್ಸ್, ಫ್ರೀಬಿಎಸ್‌ಡಿಗಳಲ್ಲಿ ಈಗ ಇದೆ. ಇದರಲ್ಲಿ ಹಲವು ಸಾಲುಗಳಿದ್ದರೂ ನಮಗೆ ಬೇಕಾದದ್ದು 'ಹೋಸ್ಟ್ಸ್' ಎಂದು ಆರಂಭವಾಗುವ ಸಾಲು ಮಾತ್ರ:

ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್

ಮೊದಲು ಹೋಸ್ಟ್ಸ್ ಫೈಲನ್ನು ನೋಡು, ಅಲ್ಲಿ ಸಿಗದಿದ್ದರೆ ಡಿಎನ್‌ಎಸ್ ಸರ್ವರನ್ನು ಕೇಳು ಎಂದು ಇದರ ಅರ್ಥ. ಮೊದಲು ಮನೆಯ ಪೆಟ್ಟಿಗೆ, ಆಮೇಲೆ ಹೊರಗಿನವರು. ಇಲ್ಲಿ 'ಡಿಎನ್‌ಎಸ್' ಎಂಬ ಪದವೇ ಬಿಟ್ಟುಹೋಗಿದ್ದರೆ ಉಳಿದ ಎಲ್ಲವೂ ಸರಿಯಿದ್ದರೂ ಒಂದು ವೆಬ್‌ಸೈಟೂ ತೆರೆಯುವುದಿಲ್ಲ. ಈಗಿನ ಹಲವು ಲಿನಕ್ಸ್‌ಗಳಲ್ಲಿ ಈ ಎರಡು ಪದಗಳ ನಡುವೆ 'ಎಂಡಿಎನ್‌ಎಸ್' ಎಂದು ಆರಂಭವಾಗುವ ಇನ್ನೊಂದು ಪದವೂ ಇರುತ್ತದೆ. ಅದು 'ಲೋಕಲ್' ಎಂದು ಮುಗಿಯುವ ಹೆಸರುಗಳನ್ನು ಅಕ್ಕಪಕ್ಕದ ಯಂತ್ರಗಳಲ್ಲಿ ವಿಚಾರಿಸಿ, ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ನಿಮ್ಮ ಸಂಸ್ಥೆಯ ಒಳಗಿನ ಯಂತ್ರಗಳಿಗೆ 'ಲೋಕಲ್' ಎಂದು ಮುಗಿಯುವ ಹೆಸರಿಡಬೇಡಿ. ಒಳಗಿನ ಬಳಕೆಗೆಂದೇ 'ಇಂಟರ್ನಲ್' ಎಂಬ ಕೊನೆಯ ಪದವನ್ನು ಇಂಟರ್‌ನೆಟ್ ಹೆಸರುಗಳ ಜಾಗತಿಕ ಸಂಸ್ಥೆ ಐಕ್ಯಾನ್ 2024ರಲ್ಲಿ ಮೀಸಲಿಟ್ಟಿದೆ, ಅದನ್ನು ಬಳಸಿಕೊಳ್ಳಬಹುದು. (ಓಪನ್‌ಬಿಎಸ್‌ಡಿ ಬಳಸುವವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಎನ್‌ಎಸ್‌ಸ್ವಿಚ್ ಇಲ್ಲ, ಈ ಕ್ರಮವನ್ನು ಮುಂದೆ ಹೇಳುವ ಫೈಲಿನಲ್ಲೇ 'ಲುಕಪ್' ಎಂಬ ಸಾಲಿನಲ್ಲಿ ಬರೆಯುತ್ತಾರೆ.)

ಮೂರನೆಯದೇ ಮುಖ್ಯ ಫೈಲು, 'ರಿಸಾಲ್ವ್ ಡಾಟ್ ಕಾನ್ಫ್'. ಇಂಗ್ಲಿಷಿನ ರಿಸಾಲ್ವ್ ಪದದ ಕೊನೆಯ 'ಇ' ಅಕ್ಷರ ಇಲ್ಲಿ ಇಲ್ಲ. ಸ್ಪೆಲಿಂಗ್ ಚೆನ್ನಾಗಿ ಬರುವವರೇ ಇಲ್ಲಿ ಎಡವುತ್ತಾರೆ! 'ಇ' ಸೇರಿಸಿ ಹೊಸ ಫೈಲು ಮಾಡಿ, ಅದರಲ್ಲಿ ಎಷ್ಟೇ ಸರಿಯಾಗಿ ಬರೆದರೂ ಕಂಪ್ಯೂಟರ್ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಇದರ ಒಳಗೆ ಹೀಗಿರುತ್ತದೆ:

ನೇಮ್‌ಸರ್ವರ್ 192.168.1.1
ನೇಮ್‌ಸರ್ವರ್ 8.8.8.8

ಯಾರನ್ನು ಕೇಳಬೇಕು ಎಂಬುದರ ಪಟ್ಟಿ ಇದು. ಇಲ್ಲಿ ಹೆಸರು ಬರೆಯುವಂತಿಲ್ಲ, ಅಂಕಿಯನ್ನೇ ಬರೆಯಬೇಕು. ಹೆಸರು ಹುಡುಕಿಕೊಡುವವನ ವಿಳಾಸವನ್ನೇ ಹುಡುಕುವಂತಾದರೆ ಕೆಲಸ ಸಾಗುವುದು ಹೇಗೆ? ಲಿನಕ್ಸ್‌ನಲ್ಲಿ ಹೆಚ್ಚೆಂದರೆ ಮೂರು ಸಾಲು. ನಾಲ್ಕನೆಯದನ್ನು ಬರೆದರೆ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಈ ಮೂರು ಸಾಲುಗಳ ಬಗ್ಗೆ ಹಲವರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಮೂರೂ ಸರ್ವರುಗಳನ್ನು ಒಟ್ಟಿಗೆ ಕೇಳಿ ಬೇಗ ಉತ್ತರ ಬಂದದ್ದನ್ನು ತೆಗೆದುಕೊಳ್ಳುತ್ತದೆ ಎಂದುಕೊಂಡಿರುತ್ತಾರೆ. ಸಾಮಾನ್ಯ ಲಿನಕ್ಸ್‌ನಲ್ಲಿ ಹಾಗಲ್ಲ. ಮೊದಲ ಸಾಲಿನವನನ್ನು ಕೇಳಿ ಐದು ಸೆಕೆಂಡು ಕಾಯುತ್ತದೆ. ಉತ್ತರ ಬರದಿದ್ದರೆ ಮಾತ್ರ ಎರಡನೆಯವನನ್ನು ಕೇಳುತ್ತದೆ. ಮುಂದಿನ ಹೆಸರಿಗೆ ಮತ್ತೆ ಮೊದಲ ಸಾಲಿನಿಂದಲೇ ಆರಂಭ. ಹಿಂದಿನ ಸಲ ಇವನು ಉತ್ತರ ಕೊಟ್ಟಿರಲಿಲ್ಲ ಎಂಬ ನೆನಪು ಅದಕ್ಕಿರುವುದಿಲ್ಲ.

ಇದರಿಂದ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಹೆಸರು ಬೇಡ, ಒಂದು ಕಾಲೇಜಿನ ಲ್ಯಾಬು. ಮೂವತ್ತಕ್ಕೂ ಹೆಚ್ಚು ಲಿನಕ್ಸ್ ಕಂಪ್ಯೂಟರುಗಳು. ಒಂದು ವರ್ಷದಿಂದ ಒಂದೇ ದೂರು: ನೆಟ್ ನಿಧಾನ. ಒಂದು ಪುಟ ತೆರೆಯಲು ಅರ್ಧ ನಿಮಿಷ. ಆದರೆ ಒಮ್ಮೆ ತೆರೆದರೆ ದೊಡ್ಡ ಫೈಲೂ ಸರಸರನೆ ಇಳಿಯುತ್ತಿತ್ತು! ಈ ಎರಡನೆಯ ಮಾತನ್ನು ಹುಡುಗನೊಬ್ಬ ಹೇಳಿದ್ದ, ಯಾರೂ ಕಿವಿಗೊಡಲಿಲ್ಲ. ಆಡಳಿತ ಮಂಡಳಿಯವರು ದಾನಿಗಳಿಂದ ಹಣ ಕೂಡಿಸಿ ಇಮ್ಮಡಿ ವೇಗದ ಸಂಪರ್ಕ ಹಾಕಿಸಿದರು. ನಿಧಾನ ಹಾಗೆಯೇ ಉಳಿಯಿತು. ಹೊಸ ಕಂಪ್ಯೂಟರುಗಳನ್ನೇ ಕೊಳ್ಳಬೇಕೆಂಬ ಮಾತು ಶುರುವಾಗಿದ್ದಾಗ ನನ್ನನ್ನು ಕರೆದರು. ನಾನು ಮೊದಲು ತೆರೆದದ್ದು ಈ ರಿಸಾಲ್ವ್ ಫೈಲನ್ನೇ. ಮೊದಲ ಸಾಲಿನಲ್ಲಿದ್ದದ್ದು ಹಿಂದಿನ ಇಂಟರ್‌ನೆಟ್ ಕಂಪನಿಯ ಸರ್ವರ್. ಕಂಪನಿ ಬದಲಾಯಿಸಿ ವರ್ಷವಾಗಿತ್ತು. ಹಳೆಯ ಕಂಪನಿಯ ಸರ್ವರ್ ತನ್ನ ಗ್ರಾಹಕರಲ್ಲದವರಿಗೆ ಉತ್ತರ ಕೊಡುತ್ತಿರಲಿಲ್ಲ. 'ಇಲ್ಲ' ಎಂದೂ ಹೇಳುತ್ತಿರಲಿಲ್ಲ, ಸುಮ್ಮನಿರುತ್ತಿತ್ತು. ಎರಡನೆಯ ಸಾಲಿನಲ್ಲಿ ಒಳ್ಳೆಯ ಸರ್ವರ್ ಇತ್ತು. ಹಾಗಾಗಿ ಕೆಲಸ ನಿಲ್ಲುತ್ತಿರಲಿಲ್ಲ, ಪ್ರತಿ ಹೆಸರಿಗೂ ಐದು ಸೆಕೆಂಡು ತಡವಾಗುತ್ತಿತ್ತು. ಒಂದು ಸಾಮಾನ್ಯ ವೆಬ್ ಪುಟ ಚಿತ್ರಗಳಿಗೆ, ಜಾಹೀರಾತಿಗೆ, ಅಕ್ಷರಗಳಿಗೆ ಎಂದು ಹತ್ತಾರು ಬೇರೆ ಬೇರೆ ಹೆಸರುಗಳನ್ನು ಕೇಳುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಸಾಲು ಅಳಿಸಿದೆವು. ಅಂದೇ ಲ್ಯಾಬು ಸರಿಹೋಯಿತು. ದಾನಿಗಳ ಹಣ ಮಾತ್ರ ಆಗಲೇ ಖರ್ಚಾಗಿತ್ತು.

ಪೂರಾ ಕೆಟ್ಟದ್ದು ಬೇಗ ಪತ್ತೆಯಾಗುತ್ತದೆ. ಅರ್ಧ ಕೆಟ್ಟದ್ದು ವರ್ಷಗಟ್ಟಲೆ ಹಣ ತಿನ್ನುತ್ತದೆ. ಆದ್ದರಿಂದ ಇದೇ ಫೈಲಿನಲ್ಲಿ 'ಆಪ್ಶನ್ಸ್ ಟೈಮ್‌ಔಟ್:1' ಎಂಬ ಒಂದು ಸಾಲು ಸೇರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಆಗ ಐದು ಸೆಕೆಂಡಿನ ಬದಲು ಒಂದೇ ಸೆಕೆಂಡು ಕಾಯುತ್ತದೆ. 'ರೊಟೇಟ್' ಎಂಬ ಇನ್ನೊಂದು ಆಯ್ಕೆ ಇದೆ, ಅದು ಸರ್ವರುಗಳನ್ನು ಸರದಿಯಂತೆ ಕೇಳುತ್ತದೆ. ಭಾರ ಹಂಚಲು ಅದು ಒಳ್ಳೆಯದು. ಆದರೆ ದೋಷ ಹುಡುಕುವಾಗ ಒಮ್ಮೆ ಸರಿ, ಒಮ್ಮೆ ತಪ್ಪು ಎಂಬಂತಾಗಿ ತಲೆ ಕೆಡಿಸುತ್ತದೆ. ಸಣ್ಣ ಲ್ಯಾಬಿಗೆ ಬೇಡ.

'ಸರ್ಚ್' ಎಂಬ ಸಾಲೂ ಇಲ್ಲಿ ಕಾಣಬಹುದು. ನೀವು ಚುಕ್ಕೆಯಿಲ್ಲದ ಗಿಡ್ಡ ಹೆಸರು ಕೊಟ್ಟಾಗ ಅದರ ಬಾಲಕ್ಕೆ ಯಾವ ಡೊಮೈನನ್ನು ಜೋಡಿಸಿ ಹುಡುಕಬೇಕು ಎಂಬುದು ಅದು. ದೊಡ್ಡ ಸಂಸ್ಥೆಗಳಿಗೆ ಉಪಯುಕ್ತ, ನಮಗೆ ಅಷ್ಟೇನೂ ಬೇಕಾಗಿಲ್ಲ.

ಈಗ ನಿಮ್ಮಲ್ಲಿ ಕೆಲವರಿಗೆ ಅನುಮಾನ ಬಂದಿರಬಹುದು. "ಸರ್, ನಾನು ಈ ಫೈಲು ತಿದ್ದಿದ್ದೆ, ಮರುದಿನ ನೋಡಿದರೆ ಹಳೆಯದೇ ಬಂದಿತ್ತು" ಎಂದು. ನಿಜ. ಕಾರಣ, ಈ ಫೈಲಿಗೆ ಈಗ ಒಬ್ಬನೇ ಯಜಮಾನ ಅಲ್ಲ. ಕಂಪ್ಯೂಟರ್ ಜಾಲಕ್ಕೆ ಸೇರಿದಾಗ ರೂಟರ್ ಅದಕ್ಕೆ ಒಂದು ವಿಳಾಸ ಕೊಡುತ್ತದಲ್ಲ, ಡಿಎಚ್‌ಸಿಪಿ ಎನ್ನುತ್ತಾರೆ, ಆಗಲೇ "ಈ ಸರ್ವರನ್ನು ಕೇಳು" ಎಂದೂ ಹೇಳುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಅದನ್ನು ಕೇಳಿ ರಿಸಾಲ್ವ್ ಫೈಲನ್ನು ಹೊಸದಾಗಿ ಬರೆಯುತ್ತದೆ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಫೈಲನ್ನು ತೆರೆದರೆ 127.0.0.53 ಎಂಬ ಒಂದೇ ವಿಳಾಸ ಕಾಣುತ್ತದೆ. ಅದು ಹೊರಗಿನ ಸರ್ವರ್ ಅಲ್ಲ; ನಿಮ್ಮ ಕಂಪ್ಯೂಟರಿನೊಳಗೇ ಕುಳಿತಿರುವ ಸಿಸ್ಟಂಡಿ-ರಿಸಾಲ್ವ್ಡ್ ಎಂಬ ಮಧ್ಯವರ್ತಿ. ಅವನು ನಿಜವಾಗಿ ಯಾರನ್ನು ಕೇಳುತ್ತಿದ್ದಾನೆ ಎಂದು ತಿಳಿಯಲು 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್' ಎಂಬ ಆಜ್ಞೆ ಕೊಡಬೇಕು. ಬದಲಾವಣೆಯನ್ನೂ ರಿಸಾಲ್ವ್ ಫೈಲಿನಲ್ಲಿ ಅಲ್ಲ, ನೆಟ್‌ವರ್ಕ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಲ್ಲಿ ಅಥವಾ ರೂಟರಿನಲ್ಲಿ ಮಾಡಬೇಕು. ಆಪಲ್ ಮ್ಯಾಕ್ ಕೂಡ ಯೂನಿಕ್ಸೇ. ಅಲ್ಲಿಯೂ ಈ ಫೈಲು ಇದೆ, ಆದರೆ ಹೆಚ್ಚಿನ ಪ್ರೋಗ್ರಾಮುಗಳು ಅದನ್ನು ಓದುವುದಿಲ್ಲ. ಹಾಗೆಂದು ಆ ಫೈಲಿನೊಳಗೇ ಬರೆದಿದೆ. ಬರೆಯುವವರು ಯಾರು ಎಂದು ತಿಳಿಯದೆ ತಿದ್ದುವುದು ಮರಳಿನ ಮೇಲೆ ಬರೆದ ಹಾಗೆ. ಕೆಲವರು ಸಿಟ್ಟಿನಿಂದ ಆ ಫೈಲನ್ನು ಯಾರೂ ಬದಲಾಯಿಸದಂತೆ ಬೀಗ ಹಾಕಿಬಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮುಂದೆ ಬರುವವನಿಗೆ ಆ ಬೀಗದ ವಿಷಯ ಯಾರೂ ಹೇಳಿರುವುದಿಲ್ಲ.

ಇನ್ನು ದೋಷ ಹುಡುಕುವ ಬಗೆ. ಯಾರಾದರೂ "ನೆಟ್ ಇಲ್ಲ" ಎಂದಾಗ ಮೊದಲು 'ಪಿಂಗ್ 8.8.8.8' ಎಂದು ಟೈಪ್ ಮಾಡಿ. ಗೂಗಲ್ ಕಂಪನಿ 2009ರಿಂದ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರಿನ ವಿಳಾಸ ಅದು, ನೆನಪಿಡಲು ಸುಲಭ. ಉತ್ತರ ಬಂದರೆ ದಾರಿ ಇದೆ ಎಂದರ್ಥ. ಆಮೇಲೆ 'ಪಿಂಗ್' ಎಂದು ಬರೆದು ಒಂದು ಹೆಸರು ಕೊಡಿ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತಂತಿ, ರೂಟರು, ಬಿಲ್ಲು ಯಾವುದನ್ನೂ ಹುಡುಕಬೇಡಿ; ಹೆಸರಿನ ಏರ್ಪಾಡನ್ನೇ ನೋಡಿ. (ಕೆಲವು ಸಂಸ್ಥೆಗಳು ಪಿಂಗನ್ನು ತಡೆದಿರುತ್ತವೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ.)

ಆಗ ಬರುವ ಸಂದೇಶವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಮಕ್ಕಳು ಇಂಗ್ಲಿಷಿನ ಕೆಂಪು ಸಾಲು ಕಂಡ ಕೂಡಲೇ ಕಿಟಕಿ ಮುಚ್ಚಿಬಿಡುತ್ತಾರೆ. ಅದರಲ್ಲೇ ಅರ್ಧ ಉತ್ತರ ಇರುತ್ತದೆ. 'ನೇಮ್ ಆರ್ ಸರ್ವೀಸ್ ನಾಟ್ ನೋನ್' ಎಂದರೆ ಕೇಳಿದೆ, ಅಂಥ ಹೆಸರು ಇಲ್ಲ ಎಂದು ಉತ್ತರ ಬಂದಿದೆ. ನೀವು ಸ್ಪೆಲಿಂಗ್ ನೋಡಿಕೊಳ್ಳಬೇಕು. 'ಟೆಂಪೊರರಿ ಫೇಲ್ಯೂರ್ ಇನ್ ನೇಮ್ ರೆಸೊಲ್ಯೂಷನ್' ಎಂದರೆ ಕೇಳಿದೆ, ಸರಿಯಾದ ಉತ್ತರ ಸಿಗಲಿಲ್ಲ. ಆಗ ರಿಸಾಲ್ವ್ ಫೈಲಿನಲ್ಲಿರುವ ಸರ್ವರುಗಳನ್ನು ನೋಡಬೇಕು. ಇವೆರಡನ್ನೂ ಒಂದೇ ಎಂದು ತಿಳಿದರೆ ದಿನವಿಡೀ ತಪ್ಪು ಜಾಗದಲ್ಲಿ ಹುಡುಕುತ್ತೀರಿ.

ಮುಂದಿನ ಸಾಧನ 'ಡಿಗ್'. ಡಿಗ್ ಎಂದು ಬರೆದು ಹೆಸರು ಕೊಟ್ಟರೆ ಡಿಎನ್‌ಎಸ್ ಸರ್ವರ್ ಕೊಟ್ಟ ಉತ್ತರವನ್ನು ಪೂರ್ತಿ ತೋರಿಸುತ್ತದೆ. ಕೆಳಗಿನ ಎರಡು ಸಾಲು ನೋಡಿ: ಎಷ್ಟು ಹೊತ್ತು ಹಿಡಿಯಿತು ಮತ್ತು ಯಾರು ಉತ್ತರ ಕೊಟ್ಟರು. ಹೆಸರಿನ ಮುಂದೆ '@' ಚಿಹ್ನೆ ಹಾಕಿ ಸರ್ವರಿನ ಅಂಕಿ ಬರೆದರೆ ಆ ಸರ್ವರನ್ನೇ ನೇರವಾಗಿ ಕೇಳಬಹುದು. ಪಟ್ಟಿಯಲ್ಲಿರುವ ಒಬ್ಬೊಬ್ಬನನ್ನೂ ಹೀಗೆ ಪರೀಕ್ಷಿಸಿದರೆ ಸುಮ್ಮನೆ ಕುಳಿತಿರುವವನು ಯಾರೆಂದು ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಾನೆ.

ಇಲ್ಲೊಂದು ಎಚ್ಚರ. ಡಿಗ್ ಆಗಲಿ, ಹಳೆಯ 'ಎನ್‌ಎಸ್‌ಲುಕಪ್' ಆಗಲಿ ಹೋಸ್ಟ್ಸ್ ಫೈಲನ್ನು ನೋಡುವುದೇ ಇಲ್ಲ. ನೇರವಾಗಿ ಸರ್ವರಿಗೆ ಹೋಗುತ್ತವೆ. ನೀವು ಹೋಸ್ಟ್ಸ್‌ನಲ್ಲಿ 'ಲೈಬ್ರರಿ' ಎಂದು ಬರೆದು ಡಿಗ್‌ನಿಂದ ಪರೀಕ್ಷಿಸಿದರೆ ಅಂಥ ಹೆಸರಿಲ್ಲ ಎನ್ನುತ್ತದೆ. ನೀವು ಬರೆದದ್ದು ತಪ್ಪಲ್ಲ, ಕೇಳಿದ ಕಡೆ ತಪ್ಪು. ಪ್ರೋಗ್ರಾಮುಗಳು ಹುಡುಕುವ ಕ್ರಮದಲ್ಲೇ ಪರೀಕ್ಷಿಸಬೇಕಾದರೆ 'ಗೆಟ್‌ಎಂಟ್ ಹೋಸ್ಟ್ಸ್ ಲೈಬ್ರರಿ' ಎಂದು ಕೇಳಿ. ಗೆಟ್‌ಎಂಟ್ ಒಂದು ಹೇಳಿ, ಡಿಗ್ ಇನ್ನೊಂದು ಹೇಳಿದರೆ ಹೋಸ್ಟ್ಸ್ ಫೈಲಿನಲ್ಲಿ ಯಾರೋ ಹಿಂದೆ ಬರೆದು ಮರೆತ ಸಾಲು ಇದೆಯೇ ಎಂದು ಮೊದಲು ನೋಡಿ. ಸರ್ವರ್ ಬೇರೆ ಕಡೆಗೆ ಹೋಗಿ ವರ್ಷವಾದರೂ ಒಂದೇ ಒಂದು ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಹೋಗುತ್ತಿದ್ದರೆ ಸಾಮಾನ್ಯವಾಗಿ ಕಾರಣ ಇದೇ.

ಇಷ್ಟು ಹೊತ್ತು ಉತ್ತರ ಬರದಿರುವ ತೊಂದರೆ ಹೇಳಿದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಉತ್ತರ ಬರುತ್ತದೆ, ಆದರೆ ಸುಳ್ಳು ಉತ್ತರ. ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿ ಬರೆದಿದ್ದೀರಿ, ಸರ್ವರ್ ನಿಮಗೆ ಕಳ್ಳನ ಮನೆಯ ಅಂಕಿ ಕೊಟ್ಟಿದೆ. ಇದು ಕಲ್ಪನೆಯಲ್ಲ. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶ ವೀಡಿಯೊ ನೋಡಲು ಬೇಕಾದ ಪ್ರೋಗ್ರಾಂ ಎಂಬ ವೇಷದಲ್ಲಿ ವಿಂಡೋಸ್ ಮತ್ತು ಮ್ಯಾಕ್ ಕಂಪ್ಯೂಟರುಗಳಿಗೆ ನುಗ್ಗಿತು. ಅದು ಫೈಲುಗಳನ್ನು ಅಳಿಸಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಯಾರನ್ನು ಕೇಳಬೇಕು ಎಂಬ ಆ ಒಂದು ಅಂಕಿಯನ್ನು ಬದಲಾಯಿಸಿತು, ಅಷ್ಟೇ. ಕಂಪನಿಯ ಪಾಸ್‌ವರ್ಡನ್ನು ಬದಲಿಸದೆ ಹಾಗೇ ಬಿಟ್ಟಿದ್ದ ರೂಟರುಗಳನ್ನೂ ಅದು ಬಿಡಲಿಲ್ಲ. ಅಂದಿನಿಂದ ಆ ಯಂತ್ರಗಳ ಪ್ರತಿಯೊಂದು ಪ್ರಶ್ನೆಯೂ ವಂಚಕರ ಸರ್ವರಿಗೆ ಹೋಗುತ್ತಿತ್ತು, ಅವರು ಬೇಕಾದ ಕಡೆಗೆ ತಿರುಗಿಸಿ ಜಾಹೀರಾತಿನ ಹಣ ಮಾಡುತ್ತಿದ್ದರು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಸರ್ವರುಗಳನ್ನು ವಶಪಡಿಸಿಕೊಂಡಾಗ ಸಿಕ್ಕಿದ ಲೆಕ್ಕ, 100 ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳು. ಎಸ್ಟೋನಿಯಾ ದೇಶದ ಆರು ಮಂದಿಯನ್ನು ಬಂಧಿಸಿದರು.

ಆಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ವಂಚಕರ ಸರ್ವರುಗಳನ್ನು ನಿಲ್ಲಿಸಿಬಿಟ್ಟರೆ ಅಷ್ಟೂ ಜನರಿಗೆ ಇಂಟರ್‌ನೆಟ್ ನಿಂತಂತಾಗುತ್ತಿತ್ತು. ಹಾಗಾಗಿ ನ್ಯಾಯಾಲಯದ ಅನುಮತಿಯಿಂದ ಅದೇ ವಿಳಾಸಗಳಲ್ಲಿ ಒಳ್ಳೆಯ ಸರ್ವರುಗಳನ್ನು ತಾತ್ಕಾಲಿಕವಾಗಿ ಕೂರಿಸಿ, ಜನ ತಮ್ಮ ಹೊಂದಾಣಿಕೆ ಸರಿಪಡಿಸಿಕೊಳ್ಳಲು ಕಾಲ ಕೊಟ್ಟರು. 2012ರ ಜುಲೈ 9ರಂದು ಅವನ್ನು ನಿಲ್ಲಿಸುವಾಗಲೂ ಎರಡು ಲಕ್ಷದಷ್ಟು ವಿಳಾಸಗಳಿಂದ ಪ್ರಶ್ನೆಗಳು ಬರುತ್ತಲೇ ಇದ್ದವು. ಎಂಟು ತಿಂಗಳ ಪ್ರಚಾರದ ನಂತರವೂ ತಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ಅಷ್ಟು ಜನ ನೋಡಿರಲಿಲ್ಲ. ನಿಮ್ಮ ಮನೆಯ ರೂಟರಿನಲ್ಲಿ ಯಾವ ಅಂಕಿ ಇದೆ ಎಂದು ಈ ಸಭೆಯಲ್ಲಿ ಎಷ್ಟು ಮಂದಿ ಹೇಳಬಲ್ಲಿರಿ? ಕೈ ಎತ್ತುವುದು ಬೇಡ, ಮನೆಗೆ ಹೋಗಿ ನೋಡಿದರೆ ಸಾಕು.

ಆಗ ಹೇಳುತ್ತೇನೆ ಎಂದಿದ್ದ ಉಪಾಯಕ್ಕೆ ಬರುತ್ತೇನೆ. ಮೂವತ್ತು ಕಂಪ್ಯೂಟರುಗಳಿಗೆ ಮೂವತ್ತು ಹೋಸ್ಟ್ಸ್ ಫೈಲು ತಿದ್ದಬೇಕಾಗಿಲ್ಲ. ಲ್ಯಾಬಿನ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರಲ್ಲಿ 'ಡಿಎನ್‌ಎಸ್‌ಮಾಸ್ಕ್' ಎಂಬ ಉಚಿತ ತಂತ್ರಾಂಶ ಇರಿಸಿ. ಇದು ಬೈಂಡ್‌ನಷ್ಟು ದೊಡ್ಡದಲ್ಲ, ಹೊಂದಿಸುವುದೂ ಸುಲಭ. ಆ ಯಂತ್ರದ ಹೋಸ್ಟ್ಸ್ ಫೈಲನ್ನೇ ಓದಿ ಇಡೀ ಲ್ಯಾಬಿಗೆ ಹಂಚುತ್ತದೆ. ತನಗೆ ಗೊತ್ತಿಲ್ಲದ ಹೆಸರನ್ನು ಹೊರಗಿನ ಸರ್ವರಿನಿಂದ ಕೇಳಿ ತಂದು ಕೊಡುತ್ತದೆ, ತಂದದ್ದನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ. ಮೂವತ್ತು ಮಕ್ಕಳು ಒಂದೇ ವೆಬ್‌ಸೈಟ್ ತೆರೆದಾಗ ಮೂವತ್ತು ಸಲ ಹೊರಗೆ ಹೋಗುವ ಬದಲು ಒಂದೇ ಸಲ ಹೋಗುತ್ತದೆ. ಸಾಮಾನ್ಯವಾಗಿ 150 ಹೆಸರುಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಲ್ಯಾಬಿಗೆ ಅದು ಸಾಲದು, 'ಕ್ಯಾಶ್-ಸೈಜ್' ಸಾಲಿನಲ್ಲಿ 1000 ಎಂದು ಮಾಡಿಕೊಳ್ಳಿ. ಹೊರಗಿನ ಯಾವ ಸರ್ವರನ್ನು ಕೇಳಬೇಕು ಎಂಬುದನ್ನು 'ಸರ್ವರ್=' ಎಂಬ ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಹೋಸ್ಟ್ಸ್ ಫೈಲನ್ನು ತಿದ್ದಿದಾಗ ಡಿಎನ್‌ಎಸ್‌ಮಾಸ್ಕ್‌ಗೆ ಅದನ್ನು ಮತ್ತೆ ಓದುವಂತೆ ಹೇಳಬೇಕು, ಇಲ್ಲವಾದರೆ ಹಳೆಯದನ್ನೇ ಹೇಳುತ್ತಿರುತ್ತದೆ. ಕೊನೆಗೆ, ರೂಟರಿನ ಡಿಎಚ್‌ಸಿಪಿ ಸೆಟ್ಟಿಂಗ್‌ನಲ್ಲಿ ಈ ಯಂತ್ರದ ಅಂಕಿಯನ್ನು ಡಿಎನ್‌ಎಸ್ ಸರ್ವರ್ ಎಂದು ನಮೂದಿಸಿದರೆ ಉಳಿದ ಕಂಪ್ಯೂಟರುಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಆದರೆ ಈ ಯಂತ್ರ ನಿಂತರೆ ಎಲ್ಲರಿಗೂ ಹೆಸರು ಸಿಗುವುದು ನಿಲ್ಲುತ್ತದೆ. ಅದಕ್ಕೊಂದು ಯುಪಿಎಸ್ ಇರಲಿ, ರಾತ್ರಿ ಬಾಗಿಲು ಹಾಕುವಾಗ ಯಾರೂ ಅದರ ಸ್ವಿಚ್ ಆರಿಸದಿರಲಿ.

ಒಬ್ಬ ವಿದ್ಯಾರ್ಥಿನಿ ಚೀಟಿ ಕಳಿಸಿದ್ದಾಳೆ: ಕನ್ನಡದಲ್ಲೇ ಡೊಮೈನ್ ಹೆಸರು ಬರೆಯಬಹುದೇ? ಬರೆಯಬಹುದು. 'ಭಾರತ' ಎಂದು ಕನ್ನಡ ಲಿಪಿಯಲ್ಲೇ ಮುಗಿಯುವ ಹೆಸರುಗಳಿಗೆ ಅವಕಾಶವಿದೆ. ಉರ್ದು, ತಮಿಳು, ತೆಲುಗು ಸೇರಿದಂತೆ ಏಳು ಭಾಷೆಗಳಿಗೆ 2011ರಲ್ಲೇ ಇದು ಸಿಕ್ಕಿತ್ತು, ಕನ್ನಡಕ್ಕೆ ಆಮೇಲೆ ಬಂತು. ಆದರೆ ಒಳಗಿನ ವ್ಯವಸ್ಥೆ ಇಂದಿಗೂ ಇಂಗ್ಲಿಷ್ ಅಕ್ಷರಗಳಲ್ಲೇ ನಡೆಯುತ್ತದೆ. ಬ್ರೌಸರ್ ನಿಮ್ಮ ಕನ್ನಡ ಹೆಸರನ್ನು 'ಎಕ್ಸ್‌ಎನ್' ಎಂಬ ಎರಡಕ್ಷರ, ಎರಡು ಅಡ್ಡಗೆರೆಗಳಿಂದ ಆರಂಭವಾಗುವ ವಿಚಿತ್ರ ರೂಪಕ್ಕೆ ತಿರುಗಿಸಿ ಡಿಎನ್‌ಎಸ್‌ಗೆ ಕೊಡುತ್ತದೆ. ಹೋಸ್ಟ್ಸ್ ಫೈಲಿನಲ್ಲಿ ಕನ್ನಡ ಹೆಸರು ಬರೆಯಬೇಕಾದರೂ ಆ ರೂಪದಲ್ಲೇ ಬರೆಯಬೇಕು.

ಲ್ಯಾಬಿನ ಹೊಣೆ ಇರುವ ಉಪನ್ಯಾಸಕರಿಗೆ ಒಂದು ವಿನಂತಿ. ಈ ಫೈಲುಗಳನ್ನು ಮುಟ್ಟುವ ಮೊದಲು ಪಕ್ಕದಲ್ಲೇ ಒಂದು ನಕಲು ಇಟ್ಟುಕೊಳ್ಳಿ. ತಿದ್ದಿದ ಸಾಲಿನ ಮೇಲೆ '#' ಚಿಹ್ನೆ ಹಾಕಿ ಯಾರು, ಯಾವ ದಿನ, ಏಕೆ ತಿದ್ದಿದರು ಎಂದು ಬರೆಯಿರಿ. ರಿಸಾಲ್ವ್ ಫೈಲಿನಲ್ಲಿ ಆ ಚಿಹ್ನೆ ಸಾಲಿನ ಮೊದಲ ಅಕ್ಷರವೇ ಆಗಿರಬೇಕು. ರೂಟರಿನ ಅಂಕಿ, ಡಿಎನ್‌ಎಸ್‌ಮಾಸ್ಕ್ ಯಂತ್ರದ ಅಂಕಿ, ಹೊರಗಿನ ಸರ್ವರಿನ ಅಂಕಿ, ಈ ಮೂರನ್ನೂ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಿ. ಇಂಟರ್‌ನೆಟ್ ಕಂಪನಿ ಬದಲಾಯಿಸಿದ ದಿನ ಆ ಕಾಗದವನ್ನೂ ಬದಲಾಯಿಸಿ.

ಊಟದ ನಂತರ ಪಕ್ಕದ ಕೋಣೆಯಲ್ಲಿ ಐದು ಕಂಪ್ಯೂಟರುಗಳನ್ನು ಇಡುತ್ತೇವೆ. ಐದರಲ್ಲೂ ಒಂದೊಂದು ಬಗೆಯ ದೋಷ ಮಾಡಿಟ್ಟಿದ್ದೇನೆ. ಇಬ್ಬಿಬ್ಬರಂತೆ ಕುಳಿತು ಹುಡುಕಿ.